ಅಂಜಿಕೆ ಕಲಿಸಿದ ಆಪಾ

ಆಪಾ ತೀರಿಕೊಂಡ ಸುದ್ದಿಯ ಫೋನು ಬಂದಾಗ ನಾನು ಔರಾದಿನ ಆಸ್ಪತ್ರೆಯಲ್ಲಿ ಒಂದು ಮಗುವಿನ ಉಸಿರು ಎಣಿಸುತ್ತಿದ್ದೆ. ಪೂರ್ತಿ ಒಂದು ನಿಮಿಷ ಎಣಿಸಬೇಕು, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬಾರದು ಎಂದು ಕಲಿಸಿದವರು ಅವರೇ. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಎಣಿಕೆ ಮುಗಿಸಿ, ಬರೆದಿಟ್ಟು, ಹೊರಗೆ ಬಂದು ತಿರುಗಿ ಕರೆದೆ. ಆಪಾರ ಸೊಸೆ ಎತ್ತಿದಳು.

"ಅಮ್ಮಿ ಮುಂಜಾನಿ ಹೋಗ್ಬಿಟ್ರು ರೀ. ನಿಮಗ ಮೊದಲ ಹೇಳ್ಬೇಕಂತ ಹೇಳಿಟ್ಟಿದ್ರು."

ನಾನು ಬಸ್ಸು ಹಿಡಿದು ಬೀದರಿಗೆ ಹೋಗಿ, ಹೆಂಗಸರ ನಡುವೆ ಒಂದು ತಾಸು ಕುಳಿತು ಬಂದೆ. ಅಲ್ಲಿ ಯಾರಿಗೂ ನಾನು ಅವರಿಗೆ ಏನಾಗಬೇಕು ಎಂದು ವಿವರಿಸಿ ಹೇಳಲಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಪಾ ಎಂದರೆ ಅಕ್ಕ. ಬೀದರಿನ ಆ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಡಾಕ್ಟರರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಹಳೇ ಶಹರದ ಮನೆತನ. ಮನೆಯಲ್ಲಿ ದಖನಿ ಉರ್ದು, ವಾರ್ಡಿನಲ್ಲಿ ನಮ್ಮ ಕನ್ನಡ, ಗಡಿಯ ಹಳ್ಳಿಗಳಿಂದ ಬಂದ ತಾಯಂದಿರೊಡನೆ ಮರಾಠಿ. ಸಣ್ಣ ಆಳು, ದೊಡ್ಡ ದನಿ. ನರ್ಸಿಂಗಿನಲ್ಲಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವರು, ಮುಂದೆ ಓದಿರಲಿಲ್ಲ.

ನಾನು ಭಾಲ್ಕಿ ತಾಲೂಕಿನ ಹಲಬರ್ಗಾದವಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಆ ವಾರ್ಡಿಗೆ ಹೋದ ಮೊದಲ ದಿನ ನನ್ನ ಕೈಗೆ ಮೂರು ತಿಂಗಳ ಒಂದು ಕೂಸನ್ನು ಕೊಟ್ಟು ರಕ್ತ ತೆಗೆಯಲು ಹೇಳಿದರು. ಕಾಲೇಜಿನಲ್ಲಿ ಕಲಿತದ್ದೆಲ್ಲ ದೊಡ್ಡವರ ಕೈ ಮೇಲೆ. ಇಲ್ಲಿ ನರ ಹುಡುಕಿದರೆ ಎಳೆ ದಾರದಂತೆ ಕಂಡೂ ಕಾಣದಂತಿತ್ತು. ಎದುರಿಗೆ ತಾಯಿ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ನನ್ನ ಬೆನ್ನು ಬೆವೆತು ಅಂಗಿ ಅಂಟಿಕೊಂಡಿತು. ಹಿಂದೆ ಯಾರೋ ಬಂದು ನಿಂತರು.

"ಅಂಜಿಕಿ ಬರ್ಲತ್ತದ ಏನ್?"

ಸುಳ್ಳು ಹೇಳಬೇಕೆಂದುಕೊಂಡೆ. ಬಾಯಿಗೆ ಬಂದದ್ದು ನಿಜ. "ಹೂಂ ರೀ, ಭಾಳ ಬರ್ಲತ್ತದ."

"ಚಲೋ ಆತು. ಅಂಜಿಕಿ ಇಲ್ದೋರಿಗಿ ನಾ ಕೂಸಿನ ಹತ್ರ ಬಿಡಂಗಿಲ್ಲ" ಎಂದು ಆಪಾ ನನ್ನ ಕೈಯಿಂದ ಸೂಜಿ ತೆಗೆದುಕೊಂಡರು. "ಇವತ್ತು ನೋಡು. ನಾಳಿ ನೀ ಮಾಡು."

ಅವರು ಮೊದಲು ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡರು. ಕೂಸನ್ನು ಮುಟ್ಟುವ ಮೊದಲು ಅದು ಅವರ ಖಾಯಂ ಪದ್ಧತಿ, ಬೀದರಿನ ಬೇಸಿಗೆಯಲ್ಲೂ. ಬಲಗೈಗೆ ಬಳೆ ಹಾಕುತ್ತಿರಲಿಲ್ಲ, ಸಪ್ಪಳಕ್ಕೆ ಮಕ್ಕಳು ಎಚ್ಚರಾಗುತ್ತವೆಂದು. ಸ್ವಲ್ಪ ದೊಡ್ಡ ಮಕ್ಕಳಾದರೆ ಮಂಚದ ಪಕ್ಕ ನೆಲಕ್ಕೆ ಕೂತು, ಅವುಗಳ ಮುಖದ ಮಟ್ಟಕ್ಕೆ ತಮ್ಮ ಮುಖ ತಂದು ಮಾತಾಡುತ್ತಿದ್ದರು. ಮೊಣಕಾಲು ನೋವು ಶುರುವಾದ ಮೇಲೂ ಅದನ್ನು ಬಿಡಲಿಲ್ಲ. ಎದ್ದೇಳುವಾಗ ಮಾತ್ರ ಮಂಚದ ಕಂಬಿ ಹಿಡಿದು "ಯಾ ಅಲ್ಲಾ" ಎನ್ನುತ್ತಿದ್ದರು. ಅದು ಕೇಳಿ ಮಕ್ಕಳು ನಗುತ್ತಿದ್ದವು.

ತಾಯಂದಿರಿಗೆ ಅವರು ಒಂದು ಮಾತು ಮಾತ್ರ ಎಂದೂ ಹೇಳುತ್ತಿರಲಿಲ್ಲ. "ಏನೂ ಆಗಂಗಿಲ್ಲ" ಎಂಬ ಮಾತು. ನಾವೆಲ್ಲ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆವು. ಒಮ್ಮೆ ನಾನು ಹಾಗೆ ಹೇಳಿದ್ದನ್ನು ಕೇಳಿಸಿಕೊಂಡು, ನನ್ನನ್ನು ಹೊರಗೆ ಕರೆದೊಯ್ದರು.

"ಏನೂ ಆಗಂಗಿಲ್ಲಂತ ನಿನಗ ಹ್ಯಾಂಗ ಗೊತ್ತು?"

"ಆಕಿಗಿ ಧೈರ್ಯ ಬರ್ಲಿ ಅಂತ ಅಂದೆ ರೀ."

"ಆಕಿಗಿ ಅಲ್ಲ. ನಿನಗ ಧೈರ್ಯ ಬೇಕಾಗಿತ್ತು, ಅದಕ್ಕ ಅಂದಿ. ಮುಂದ ಏನರೆ ಆದ್ರ ಆಕಿ ಮಾರಿ ಹ್ಯಾಂಗ ನೋಡ್ತಿ? ನಾ ಇಲ್ಲೇ ಇದ್ದೀನಿ ಅಂತ ಹೇಳು. ಅಷ್ಟು ಖರೇ ಅದ."

ಅವರಿಗೆ ಅಂಜಿಕೆಯೇ ಇಲ್ಲವೆಂದು ನಾನು ಬಹಳ ದಿನ ನಂಬಿದ್ದೆ. ಒಂದು ಮಧ್ಯಾಹ್ನ ಝಟಕಿ, ಅಂದರೆ ಫಿಟ್ಸ್, ಬರುತ್ತಿದ್ದ ಮಗುವೊಂದನ್ನು ಡಾಕ್ಟರರೂ ಆಪಾರೂ ಸೇರಿ ಉಳಿಸಿಕೊಂಡರು. ಅದು ಅತ್ತಿತು, ಹಾಲು ಕುಡಿಯಿತು, ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ಹಾಸಿಗೆ ಬಟ್ಟೆ ತರಲು ಒಳಕೋಣೆಗೆ ಹೋದೆ. ಅಲ್ಲಿ ಆಪಾ ಅಲಮಾರಿಯ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದರು. ಭುಜ ನಡುಗುತ್ತಿತ್ತು. ನಾನು ಸದ್ದಿಲ್ಲದೆ ಹಿಂದೆ ಸರಿದೆ. ಮಗು ಉಳಿದ ದಿನವೇ ಹೀಗೆ ನಡುಗುವವರು, ಉಳಿಯದ ದಿನ ಏನಾಗುತ್ತಾರೋ ಎಂದು ನನಗೇ ಭಯವಾಯಿತು.

ಓದಿನ ಮಾತು ತೆಗೆದವರು ಅವರೇ. ನಾನು ಸೇರಿ ವರ್ಷ ತುಂಬಿತ್ತು. ಜೋಳದ ರೊಟ್ಟಿ ಬಿಚ್ಚಿಕೊಂಡು ಊಟಕ್ಕೆ ಕೂತಾಗ ಕೇಳಿದರು, "ಬಿ.ಎಸ್ಸಿ. ಆದ ಮ್ಯಾಲ ಮುಂದ ಏನೇನ್ ಓದ್ಲಾಕ ಬರ್ತದ? ಕೂಸುಗಳದ್ದ ಓದು ಬೇಕು. ಬ್ಯಾರೆ ಬ್ಯಾಡ."

ನಾನು ಮೊಬೈಲಿನಲ್ಲಿ ಹುಡುಕಿ, ಗೆಳತಿಯರನ್ನು ಕೇಳಿ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಮರುದಿನ ಅದೇ ಹೊತ್ತಿಗೆ ಓದಿ ಹೇಳಿದೆ. ಹೊರದೇಶಗಳಲ್ಲಿ ಪೀಡಿಯಾಟ್ರಿಕ್ ನರ್ಸ್ ಪ್ರಾಕ್ಟೀಷನರ್ ಅಂತ ಇರುತ್ತಾರೆ, ಮಾಸ್ಟರ್ಸ್ ಇಲ್ಲವೇ ಡಾಕ್ಟರೇಟ್ ಓದಿ, ಪರೀಕ್ಷೆ ಬರೆದು, ಮಕ್ಕಳನ್ನು ತಾವೇ ಪರೀಕ್ಷಿಸಿ ಔಷಧ ಬರೆಯುತ್ತಾರೆ ಎಂದಾಗ ಆಪಾರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ನರ್ಸ್ ಬರೀತಾಳ? ಔಷಧ?"

"ಅಲ್ಲಿ ಬರೀತಾರ ರೀ. ನಮ್ಮ ಕಡಿ ಕೂಸುಗಳಿಗಿ ಆ ಹೆಸರಿಂದು ಹುದ್ದಿ ನಾ ಎಲ್ಲೂ ಕಂಡಿಲ್ಲ. ನರ್ಸ್ ಪ್ರಾಕ್ಟೀಷನರ್ ಅಂತ ಎರಡು ವರ್ಷದ ಕೋರ್ಸ್ ಒಂದದ. ಅದು ಐಸಿಯು ಕೆಲಸದ್ದು, ಜಾಸ್ತಿ ದೊಡ್ಡೋರದ್ದ."

"ಮತ್ತ?"

"ಹುಟ್ಟಿದ ಕೂಸುಗಳ ಆರೈಕಿದು ಒಂದು ವರ್ಷದ ಡಿಪ್ಲೊಮಾ ಅದ. ಎಂ.ಎಸ್ಸಿ. ನರ್ಸಿಂಗ್ ಎರಡು ವರ್ಷ. ಅದ್ರಾಗ ಮಕ್ಕಳ ಆರೋಗ್ಯ ಅಂತ ಒಂದು ವಿಭಾಗ ಅದ. ಅನುಭವ ಕೇಳ್ತಾರ, ಅದು ನನಗ ಆಗ್ಯದ."

ಆಪಾ ಹಾಳೆ ಇಸಿದುಕೊಂಡು ನೋಡಿದರು. ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿದರು. "ಇದು ಓದಿದ್ರ, ಔಷಧ ಎಷ್ಟು ಕೊಡ್ಬೇಕು, ಯಾಕ ಅಷ್ಟೇ ಕೊಡ್ಬೇಕು ಅಂತ ಹೇಳ್ಲಾಕ ಬರ್ತದ ಏನ್?" ಕೊನೆಗೆ ಎಂ.ಎಸ್ಸಿ. ಸಾಲಿನ ಮೇಲೆ ಬೆರಳು ನಿಂತಿತು. "ಇದು ತುಂಬು."

ನಾನು ತುಂಬಲಿಲ್ಲ. ಕಾರಣ ಕೇಳಿದವರಿಗೆಲ್ಲ ಒಂದೊಂದು ಹೇಳಿದೆ. ಅಪ್ಪ ಒಪ್ಪಲಿಲ್ಲ ಎಂದೆ. ನಿಜಕ್ಕೂ ಅಪ್ಪ ಒಪ್ಪಿದ್ದ. ಪ್ರವೇಶ ಪರೀಕ್ಷೆ ಕಷ್ಟ ಎಂದೆ. ಪುಸ್ತಕ ತೆರೆದೂ ನೋಡಿರಲಿಲ್ಲ. ನನ್ನ ಭಯ ಬೇರೆ ಇತ್ತು. ಈಗ ಚೀಟಿಯಲ್ಲಿ ಬರೆದದ್ದನ್ನು ಕೊಡುತ್ತೇನೆ, ಹೇಳಿದ್ದನ್ನು ಮಾಡುತ್ತೇನೆ, ಹೆಚ್ಚುಕಮ್ಮಿಯಾದರೆ ಬರೆದವರಿದ್ದಾರೆ. ಓದಿ ತಿಳಿದುಕೊಂಡ ಮೇಲೆ ನನಗೆ ಸುಮ್ಮನಿರಲು ಬರುವುದಿಲ್ಲ. ಒಂದು ಮಗುವಿನ ಜೀವ ನನ್ನ ಮಾತಿನ ಮೇಲೆ ನಿಲ್ಲುವ ದಿನ ಬರುತ್ತದೆ. ಆ ದಿನ ನನಗೆ ಬೇಡವಾಗಿತ್ತು. ಅರ್ಜಿಯ ಕಡೆಯ ತಾರೀಖು ದಾಟಿತೆಂದು ಹೇಳಿದಾಗ ಆಪಾ ಬೈಯಲಿಲ್ಲ. ಒಂದು ವಾರ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಮುಂದೆ ನನಗೆ ಔರಾದಿಗೆ ಕೆಲಸ ಬಿತ್ತು. ಅಲ್ಲಿಗೆ ರೈಲಿಲ್ಲ, ಬಸ್ಸಿನದೇ ಆಸರೆ. ಸುತ್ತಲಿನ ಹಳ್ಳಿಯವರು ಬಸ್ಸಿನ ಹೊತ್ತು ನೋಡಿಕೊಂಡು ಕಾಯಿಲೆ ತರುತ್ತಾರೆ. ಒಂದು ದಿನ ಬೆಳಿಗ್ಗೆ ಮಹಾರಾಷ್ಟ್ರದ ಗಡಿಯ ಹಳ್ಳಿಯಿಂದ ಒಬ್ಬ ಅಜ್ಜಿ ಎಂಟು ತಿಂಗಳ ಹೆಣ್ಣು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಜೊತೆಗೆ ಕೂಸಿನ ತಾಯಿ. ನೆಗಡಿಯೆಂದು ಊರಿನಲ್ಲೇ ಔಷಧ ಹಾಕಿದ್ದರಂತೆ. ನಮ್ಮ ಡಾಕ್ಟರರು ಆ ದಿನ ಮೀಟಿಂಗಿಗೆಂದು ಬೀದರಿಗೆ ಹೋಗಿದ್ದರು, ಫೋನು ಎತ್ತುತ್ತಿರಲಿಲ್ಲ. ಸೆರಗು ಸರಿಸಿ ನೋಡಿದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು. ಆಕ್ಸಿಜನ್ ಹಚ್ಚಿ ಆಪಾಗೆ ಫೋನು ಮಾಡಿದೆ.

"ಆಪಾ, ಒಂದು ಕೂಸು ಬಂದದ ರೀ, ಏನ್ ಮಾಡ್ಲಿ?"

"ನನಗ ಕೇಳಬ್ಯಾಡ. ನಿನ್ನ ಕಣ್ಣಿಗಿ ಏನ್ ಕಾಣ್ಲತ್ತದ ಹೇಳು."

ಹೇಳಿದೆ. ನಿಮಿಷಕ್ಕೆ ಎಪ್ಪತ್ತು ಉಸಿರು, ಎದೆಯಲ್ಲಿ ಗುಳಿ, ಹಾಲು ಕುಡಿಯುತ್ತಿಲ್ಲ, ತುಟಿಯ ಬಣ್ಣ ಸರಿಯಿಲ್ಲ.

"ನೀನೇ ಎಲ್ಲಾ ಹೇಳ್ದಿ. ಮತ್ತ್ಯಾಕ ನಿಂತಿ?"

ಆಂಬುಲೆನ್ಸಿನಲ್ಲಿ ನಾನೇ ಹತ್ತಿದೆ. ಸಂತಪೂರ ದಾಟುವ ತನಕ ಕೂಸು ನರಳುತ್ತಿತ್ತು. ಆಮೇಲೆ ನರಳುವುದು ನಿಂತಿತು. ಉಸಿರು ನಿಧಾನವಾಯಿತು. ಎದೆಯ ಗುಳಿ ಕಡಿಮೆಯಾಯಿತು. ಅಜ್ಜಿ ಕೈಮುಗಿದು, "ಮಲಗ್ತು ನೋಡವ್ವ. ಗುಣ ಬಂತು" ಎಂದಳು. ಡ್ರೈವರ್ ಕೂಡ ತಿರುಗಿ ನೋಡಿ ನಿಟ್ಟುಸಿರು ಬಿಟ್ಟ. ನಾನು ಮಾತ್ರ ಕೂಸಿನ ಹಣೆ ಮುಟ್ಟಿ, ಕೈ ಹಿಡಿದು ನೋಡಿದೆ. ಜ್ವರ ಇಳಿದಿರಲಿಲ್ಲ, ಉಗುರು ಇನ್ನೂ ನೀಲಿಯಾಗೇ ಇತ್ತು. ಇಷ್ಟು ಬೇಗ ಗುಣವಾಗಲು ಸಾಧ್ಯವಿಲ್ಲ. ಅಜ್ಜಿಯ ಮುಖ ನೋಡಿ "ನಾ ಇಲ್ಲೇ ಇದ್ದೀನಿ" ಎಂದೆ. ಉಸಿರು ಎಣಿಸುತ್ತಲೇ ಹೋದೆ. ಐವತ್ತು, ನಲವತ್ತು, ಮೂವತ್ತು. ಒಂದೊಂದು ಉಸಿರಿಗೂ ಇದೇ ಕಡೆಯದೋ ಎಂದು ನನ್ನ ಉಸಿರು ಹಿಡಿದುಕೊಳ್ಳುತ್ತಿದ್ದೆ.

ಬೀದರಿನ ಆಸ್ಪತ್ರೆಯ ಬಾಗಿಲಲ್ಲಿ ಆಪಾ ನಿಂತಿದ್ದರು. ಪಕ್ಕದಲ್ಲಿ ಹೊಸದಾಗಿ ಬಂದ ಯುವ ಡಾಕ್ಟರ್. ಅವರು ಕೂಸನ್ನು ನೋಡಿ, "ಆರಾಮಾಗಿ ಉಸಿರಾಡ್ತಾ ಇದೆಯಲ್ಲ ಸಿಸ್ಟರ್. ವಾರ್ಡಿಗೆ ಕಳಿಸಿ, ಬಂದು ನೋಡ್ತೀನಿ" ಎಂದರು. ಅವರ ಹಿಂದೆ ಇನ್ನೂ ನಾಲ್ಕು ಮಕ್ಕಳು ಕಾಯುತ್ತಿದ್ದವು. ನಾನು ಆಪಾರ ಕಡೆ ನೋಡಿದೆ. ಅವರು ಹೇಳಲಿ ಎಂದು. ಆಪಾ ಬೇಕೆಂದೇ ಮುಖ ಬೇರೆ ಕಡೆ ತಿರುಗಿಸಿದರು.

ಆ ಕ್ಷಣ ನನಗೆ ಅವರ ಮೇಲೆ ಬಂದ ಸಿಟ್ಟನ್ನು ಹೇಳಲಾರೆ. ಡಾಕ್ಟರ್ ಕಡೆ ತಿರುಗಿದೆ. "ಸರ್, ಔರಾದದಾಗ ಎಪ್ಪತ್ತು ಇತ್ತು. ಈಗ ಮೂವತ್ತಕ್ಕಿಂತ ಕಡಿಮಿ. ಕೂಸಿಗಿ ಗುಣ ಆಗಿಲ್ಲ ರೀ. ದಣದದ. ಉಸಿರು ಎಳಕೊಳ್ಳಾ ಶಕ್ತಿ ಮುಗೀಲತ್ತದ."

ಡಾಕ್ಟರ್ ನನ್ನನ್ನು ನೋಡಿದರು. ಮತ್ತೆ ಕೂಸಿನ ಉಗುರು ನೋಡಿದರು. ಆಮೇಲೆ ಅದನ್ನು ಎತ್ತಿಕೊಂಡು ತಾವೇ ಐಸಿಯು ಕಡೆ ಓಡಿದರು.

ಒಂಬತ್ತು ದಿನ ಅಲ್ಲಿದ್ದು ಆ ಕೂಸು ಊರಿಗೆ ಹೋಯಿತು. ಆದರೆ ಆ ದಿನ ಅದು ಉಳಿಯುತ್ತದೆಂದು ನಮಗೆ ಗೊತ್ತಿರಲಿಲ್ಲ. ನಾನು ಹೊರಗಿನ ಕಟ್ಟೆಯ ಮೇಲೆ ಕೂತೆ. ಆಪಾ ಚಹಾ ತಂದು ಪಕ್ಕದಲ್ಲಿಟ್ಟರು.

"ನೀವ್ಯಾಕ ಹೇಳ್ಲಿಲ್ಲ ರೀ? ನಾ ಸುಮ್ಮನಿದ್ದಿದ್ರ?"

"ನೀ ಸುಮ್ಮನಿದ್ದಿದ್ರ ನಾ ಹೇಳ್ತಿದ್ದೆ. ಹತ್ತು ಎಣಿಸ್ಲತ್ತಿದ್ದೆ. ನೀ ಆರಕ್ಕ ಬಾಯಿ ತೆಗೆದಿ." ಚಹಾದ ಲೋಟ ನನ್ನ ಕೈಗೆ ಕೊಟ್ಟು ಅಂದರು, "ಇವತ್ತು ನಿನಗ ಮಾತು ಸಿಕ್ತು, ನಸೀಬು. ದಿನಾ ನಸೀಬು ಬರಂಗಿಲ್ಲ ಬೇಟಾ. ಓದು."

ಮರುವರ್ಷ ಅರ್ಜಿ ತುಂಬಿದೆ. ಕಲಬುರಗಿಯಲ್ಲಿ ಎರಡು ವರ್ಷ ಎಂ.ಎಸ್ಸಿ. ಮಾಡಿದೆ, ಮಕ್ಕಳ ಆರೋಗ್ಯ ವಿಭಾಗದಲ್ಲೇ. ಓದಿದಷ್ಟೂ ಧೈರ್ಯ ಬರುತ್ತದೆಂದುಕೊಂಡಿದ್ದೆ. ಬಂದದ್ದು ಹೆಚ್ಚಿನ ಭಯ. ಮೊದಲು ಅಳುವ ಮಗು ಕಂಡರೆ ಅಳುವ ಮಗುವಷ್ಟೇ ಕಾಣುತ್ತಿತ್ತು. ಈಗ ಅದರ ಹಿಂದೆ ಏನೇನಿರಬಹುದೆಂಬ ಪಟ್ಟಿ ಕಣ್ಣ ಮುಂದೆ ಬರುತ್ತಿತ್ತು. ಪ್ರತಿ ಭಾನುವಾರ ಆಪಾ ಫೋನು ಮಾಡುತ್ತಿದ್ದರು. ಊಟ, ನಿದ್ದೆ ಕೇಳುತ್ತಿರಲಿಲ್ಲ. "ಈ ವಾರ ಏನ್ ಓದಿದಿ? ಕನ್ನಡದಾಗ ಹೇಳು." ನಾನು ಹೇಳುತ್ತಿದ್ದೆ, ಅವರು ನಡುನಡುವೆ ತಡೆದು ಕೇಳುತ್ತಿದ್ದರು. ಔಷಧದ ಪಾಠ ಬಂದರೆ ಎರಡು ಸಲ ಹೇಳಿಸುತ್ತಿದ್ದರು. ಪೆನ್ನು ಗೀಚುವ ಸದ್ದು ಕೇಳುತ್ತಿತ್ತು. ನಿವೃತ್ತಿಗೆ ಹತ್ತಿರವಿದ್ದ ಅವರು ಯಾಕೆ ಬರೆದುಕೊಳ್ಳುತ್ತಾರೆಂದು ಕೇಳಲಿಲ್ಲ. ಕೇಳಬೇಕಿತ್ತು.

ಓದು ಮುಗಿಸಿ ನಾನು ಔರಾದಿಗೆ ಮರಳಿದೆ. ಹೊರದೇಶದ ಆ ದೊಡ್ಡ ಹೆಸರಿನ ಹುದ್ದೆ ನನಗೆ ಸಿಗಲಿಲ್ಲ. ಔಷಧ ಬರೆಯುವವರು ಡಾಕ್ಟರರೇ. ಆದರೆ ಬರೆಯುವ ಮೊದಲು ಅವರು ನನ್ನನ್ನು ಕೇಳುತ್ತಾರೆ. ಆಪಾ ನಿವೃತ್ತರಾದರು, ಎರಡೇ ವರ್ಷಕ್ಕೆ ಹಾಸಿಗೆ ಹಿಡಿದರು. ಹೃದಯ ಸೋಲುತ್ತಿತ್ತು. ಹೋದ ತಿಂಗಳು ನೋಡಲು ಹೋದಾಗ, ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಮಂಚದ ಮೇಲೆ ಬೀಳುತ್ತಿತ್ತು. ಮೂರು ದಿಂಬಿಗೆ ಒರಗಿ ಕೂತಿದ್ದರು. ಸೊಸೆಯನ್ನು ಅಡುಗೆಮನೆಗೆ ಕಳಿಸಿ, ಬಾಗಿಲು ಮುಂದೆ ಮಾಡಲು ನನಗೆ ಸನ್ನೆ ಮಾಡಿದರು.

"ಒಂದು ಮಾತು ಯಾರಿಗೂ ಹೇಳಿಲ್ಲ" ಎಂದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಭಾಲ್ಕಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿದ್ದರಂತೆ. ಅದು ಮುಚ್ಚಿ ಎಷ್ಟೋ ವರ್ಷಗಳಾಗಿವೆ. ಭಾತಂಬ್ರಾ ಕಡೆಯಿಂದ ಝಟಕಿ ಬಂದ ಒಂದು ಹೆಣ್ಣು ಕೂಸು ಬಂತು. ಎಂಟು ಕಿಲೋ ತೂಕ. ಡಾಕ್ಟರ್ ಚೀಟಿ ಬರೆದು ಕೊಟ್ಟರು.

"ಸಿರಿಂಜ್ ತುಂಬಿದ ಕೂಡ್ಲೇ ನನ್ನ ಕೈಗಿ ಗೊತ್ತಾತು. ಅಷ್ಟು ಸಣ್ಣ ಕೂಸಿಗಿ ಅಷ್ಟು ಯಾವತ್ತೂ ತುಂಬಿದ್ದಿಲ್ಲ. ಸಾಹೇಬ್ರ, ಜಾಸ್ತಿ ಅನಸ್ಲತ್ತದ ರೀ, ಅಂದೆ. ಅನಸ್ತದ ಅಂದ್ರ ಏನು, ಎಷ್ಟಿರ್ಬೇಕು ಹೇಳು, ಅಂದ್ರು. ನನಗ ಹೇಳ್ಲಾಕ ಬರ್ಲಿಲ್ಲ. ಯಾಕ ಜಾಸ್ತಿ, ಅದೂ ಬರ್ಲಿಲ್ಲ. ಡಾಕ್ಟರ್ ನೀನೋ ನಾನೋ, ಅಂದ್ರು." ಉಸಿರಿಗಾಗಿ ನಿಂತರು. "ಕೊಟ್ಟೆ."

ಝಟಕಿ ನಿಂತಿತು. ಆಮೇಲೆ ಉಸಿರೂ ನಿಂತಿತು. ರೋಗ ತಲೆಗೇರಿತ್ತೆಂದು ಡಾಕ್ಟರ್ ಮನೆಯವರಿಗೆ ಹೇಳಿದರು. ಆಪಾ ಪಕ್ಕದಲ್ಲೇ ನಿಂತಿದ್ದರು.

"ಹೋಗಾ ಮುಂದ ಅದರ ಅವ್ವ ನನ್ನ ಕೈ ಹಿಡೀದ್ಳು. ಸಿಸ್ಟರ್, ನೀವು ಭಾಳ ಮಾಡೀದ್ರಿ, ಅಂದ್ಳು."

ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಅವರ ಮೇಲಿನ ಗೌರವ ಕಡಿಮೆಯಾಗಿ ಅಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿದ್ದೆ ಎಂದು ತಿಳಿದು.

"ಈಗ ನೀ ಓದೀದಿ" ಎಂದರು ಆಪಾ. "ಹೇಳು. ಅವತ್ತು ನಾ ಏನ್ ಅನ್ಬೇಕಾಗಿತ್ತು?"

ಔಷಧದ ಹೆಸರು ಕೇಳಿದೆ, ಚೀಟಿಯಲ್ಲಿ ಎಷ್ಟಿತ್ತು ಕೇಳಿದೆ. ಇಷ್ಟು ವರ್ಷದ ಮೇಲೂ ಅಂಕಿ ಅವರ ನಾಲಗೆಯ ತುದಿಯಲ್ಲಿತ್ತು. ಲೆಕ್ಕ ಹಾಕಿದೆ. ಹತ್ತು ಪಟ್ಟು. ನಿಧಾನವಾಗಿ ಹೇಳಿದೆ.

"ಸಾಹೇಬ್ರ, ಕೂಸಿನ ತೂಕ ಎಂಟು ಕಿಲೋ ಅದ. ಎಂಟು ಕಿಲೋಕ್ಕ ಬರಬೇಕಾದದ್ದು ಇದ್ರಾಗ ಹತ್ತರಾಗ ಒಂದು ಪಾಲು, ಬರಿಯಾ ಮುಂದ ದಶಾಂಶದ ಚುಕ್ಕಿ ತಪ್ಪ್ಯದ. ಇಷ್ಟು ಕೊಟ್ರ ಉಸಿರು ನಿಲ್ತದ. ನೀವು ತಿದ್ದಿ ಬರೆಯಾ ತನಕ ನಾ ಕೊಡಂಗಿಲ್ಲ."

ಆಪಾ ಕಣ್ಣು ಮುಚ್ಚಿ ಒಂದೊಂದೇ ವಾಕ್ಯ ನನ್ನ ಹಿಂದೆ ಹೇಳಿದರು. ಎರಡನೆಯದರಲ್ಲಿ ತಡವರಿಸಿದರು, ಮತ್ತೆ ಹೇಳಿಸಿದರು. ಮೂರು ಸಲ ಆಯಿತು. ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದರು.

"ಕಡೀ ಮಾತಿಗಿ ಓದು ಬೇಕಾಗಿರ್ಲಿಲ್ಲಲಾ?"

"ಬೇಕಾಗ್ತದ ಆಪಾ" ಎಂದೆ. "ಮೊದಲಿಂದು ಬಂದ್ರ ಕಡೀದು ಬಾಯಿಗಿ ಬರ್ತದ." ಅದು ನಿಜವೋ, ಅವರ ಸಮಾಧಾನಕ್ಕೆ ಹೇಳಿದೆನೋ, ನನಗಿನ್ನೂ ತಿಳಿಯದು. ಅವರು ನಂಬಿದಂತೆ ಕಾಣಲಿಲ್ಲ. ದಿಂಬಿನಿಂದ ಮುಂದೆ ಬಾಗಿ, ಗೋಡೆಯ ಕಡೆ ನೋಡುತ್ತ, ವಾರ್ಡಿನ ಆ ಹಳೆಯ ದೊಡ್ಡ ದನಿಯಲ್ಲಿ ಒಮ್ಮೆಗೇ ಹೇಳಿದರು.

"ನಾ ಕೊಡಂಗಿಲ್ಲ!"

ಸೊಸೆ ಗಾಬರಿಯಾಗಿ ಅಡುಗೆಮನೆಯಿಂದ ಓಡಿ ಬಂದಳು. ಕೈಯಲ್ಲಿ ಸೌಟು ಹಾಗೇ ಇತ್ತು. "ಕ್ಯಾ ಹುವಾ ಅಮ್ಮಿ?"

"ಕುಛ್ ನೈ" ಎಂದು ಆಪಾ ಏದುಸಿರು ಬಿಡುತ್ತ ಹಿಂದಕ್ಕೆ ಒರಗಿದರು. "ಸಬಕ್ ಯಾದ್ ಕರ್ರೀ ಹೂಂ." ಏನಿಲ್ಲ, ಪಾಠ ಬಾಯಿಪಾಠ ಮಾಡ್ಲತ್ತೀನಿ ಎಂದು.